ರಾಣಿ ತಾನೇ ಹಿಡಿದ ಬ್ಯಾಗ್

ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವರಿಗೆ ತೊಂಬತ್ತು ತುಂಬಿದಾಗ, 2016ರ ಏಪ್ರಿಲ್‌ನಲ್ಲಿ, ಅರಮನೆ ಒಂದು ಕುಟುಂಬಚಿತ್ರವನ್ನು ಬಿಡುಗಡೆ ಮಾಡಿತು. ವಿಂಡ್ಸರ್ ಕೋಟೆಯಲ್ಲಿ ಆನಿ ಲೀಬೊವಿಟ್ಸ್ ತೆಗೆದ ಚಿತ್ರ. ನಡುವೆ ರಾಣಿ ಕುಳಿತಿದ್ದಾರೆ. ತೊಡೆಯ ಮೇಲೆ ಇನ್ನೂ ವರ್ಷ ತುಂಬದ ಷಾರ್ಲೆಟ್, ಸುತ್ತ ಉಳಿದ ಮರಿಮಕ್ಕಳು ಮತ್ತು ಇಬ್ಬರು ಕಿರಿಯ ಮೊಮ್ಮಕ್ಕಳು. ಮುಂದೆ ಕಿರೀಟಕ್ಕೆ ಬರಲಿರುವ ಹುಡುಗ ಜಾರ್ಜ್ ಕೂಡ ಅಲ್ಲೇ ಇದ್ದಾನೆ. ಆದರೂ ಚಿತ್ರ ನೋಡಿದವರ ಕಣ್ಣು ಹೋಗಿ ನಿಲ್ಲುವುದು ಎರಡು ವರ್ಷದ ಮಿಯಾ ಟಿಂಡಲ್ ಮೇಲೆ. ಅವಳು ಮುತ್ತಜ್ಜಿಯ ಕಪ್ಪು ಬ್ಯಾಗನ್ನು ಹಿಡಿದುಕೊಂಡು ನಿಂತಿದ್ದಾಳೆ. ಅವಳ ಗಾತ್ರಕ್ಕೆ ಆ ಬ್ಯಾಗ್ ಬಲು ದೊಡ್ಡದು. ದೊಡ್ಡವರು ಯಾರೂ ತನಗೆ ಕೊಡದ ಜವಾಬ್ದಾರಿಯೊಂದು ಕೈಗೆ ಬಂದಿದೆ ಎಂಬ ಗತ್ತು ಆ ಪುಟ್ಟ ಮುಖದಲ್ಲಿದೆ.

ಮಗುವಿಗೆ ಆ ಬ್ಯಾಗಿನ ಬೆಲೆ ಗೊತ್ತಿರಲಾರದು. ಆದರೆ ಅಜ್ಜಿ ಎಂದೂ ಕೈಬಿಡದ ವಸ್ತು ಅದು ಎನ್ನುವುದು ಗೊತ್ತಿತ್ತು. ರಾಣಿಯ ಬದುಕಿನಲ್ಲಿ ಉಳಿದದ್ದನ್ನೆಲ್ಲ ಹೊರಲು ಬೇರೆಯವರಿದ್ದರು. ಜನ ಕೊಟ್ಟ ಹೂಗುಚ್ಛಗಳನ್ನು ಜೊತೆಗಿದ್ದ ಸಖಿಯರು ಹಿಡಿದುಕೊಳ್ಳುತ್ತಿದ್ದರು, ಕಡತದ ಕೆಂಪು ಪೆಟ್ಟಿಗೆಗಳನ್ನು ಕಾರ್ಯದರ್ಶಿಗಳು ತರುತ್ತಿದ್ದರು, ಕಿರೀಟವೂ ಸಂಸತ್ತಿಗೆ ತನ್ನದೇ ಸಾರೋಟಿನಲ್ಲಿ ಹೋಗುತ್ತಿತ್ತು. ಬ್ಯಾಗ್ ಒಂದನ್ನು ಮಾತ್ರ ಅವರು ತಾವೇ ಹಿಡಿದರು. ಎಪ್ಪತ್ತು ವರ್ಷ ಎಡತೋಳಿನ ಮಡಿಕೆಯಲ್ಲಿ ಅದು ತೂಗುತ್ತಲೇ ಇತ್ತು. ಅರಮನೆಯ ಒಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗಲೂ ಕೈಯಲ್ಲಿ ಬ್ಯಾಗ್ ಇರುತ್ತಿತ್ತೆಂದು ಹತ್ತಿರದಿಂದ ಕಂಡವರು ಹೇಳಿದ್ದಾರೆ. ಸರಳ ಉಡುಪು, ಹಿತಮಿತದ ಅಭಿರುಚಿ ಎಂದು ಹೊಗಳಿ ಮುಗಿಸಿಬಿಡುವ ವಿಷಯ ಇದೆಂದು ನನಗೆ ಅನ್ನಿಸುವುದಿಲ್ಲ. ಮೈಮೇಲಿನ ಬಟ್ಟೆಯಷ್ಟನ್ನೂ ಜನರಿಗೆ ಒಪ್ಪಿಸಿಬಿಟ್ಟಿದ್ದ ಹೆಣ್ಣುಮಗಳೊಬ್ಬರು ತನಗೆಂದು ಉಳಿಸಿಕೊಂಡ ಒಂದು ಗೇಣು ಜಾಗ ಆ ಬ್ಯಾಗಿನೊಳಗೆ ಇತ್ತು.

ಅದರೊಳಗೆ ಏನಿದೆ ಎಂಬ ಕುತೂಹಲ ಜಗತ್ತಿಗೆ ಕೊನೆಯವರೆಗೂ ತಣಿಯಲಿಲ್ಲ. ನಾವು ನೀವು ಬ್ಯಾಗ್ ಹಿಡಿಯುವುದಕ್ಕೆ ಕಾರಣವಾದ ವಸ್ತುಗಳಲ್ಲಿ ಹೆಚ್ಚಿನವು ಅವರಿಗೆ ಬೇಕಿರಲೇ ಇಲ್ಲ. ಬ್ರಿಟನ್ನಿನ ಪಾಸ್‌ಪೋರ್ಟ್‌ಗಳನ್ನು ಕೊಡುವುದೇ ಸಿಂಹಾಸನದಲ್ಲಿರುವವರ ಹೆಸರಿನಲ್ಲಿ, ಹಾಗಾಗಿ ರಾಣಿಗೆ ಪಾಸ್‌ಪೋರ್ಟ್ ಇರಲಿಲ್ಲ. ಚಾಲನಾ ಪರವಾನಗಿಯೂ ಇರಲಿಲ್ಲ. 1945ರಲ್ಲಿ ಸೇನೆಯ ಮಹಿಳಾ ದಳ ಸೇರಿ ಲಾರಿ ಓಡಿಸುವುದನ್ನೂ ಎಂಜಿನ್ ರಿಪೇರಿಯನ್ನೂ ಕಲಿತಿದ್ದ ಅವರು ಇಳಿವಯಸ್ಸಿನಲ್ಲೂ ತಮ್ಮ ಜಮೀನಿನ ದಾರಿಗಳಲ್ಲಿ ತಾವೇ ಕಾರು ಓಡಿಸುತ್ತಿದ್ದರು. ಇಡೀ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಲು ಕಾನೂನು ಬಿಟ್ಟಿದ್ದು ಅವರೊಬ್ಬರನ್ನೇ. ದುಡ್ಡಿನ ಅಗತ್ಯವೂ ಇರಲಿಲ್ಲ. 1960ರಿಂದ ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟುಗಳ ಮೇಲೆ ಅವರದೇ ಮುಖ ಅಚ್ಚಾಗತೊಡಗಿತ್ತು. ಅದಕ್ಕೆ ಹಿಂದೆ ಯಾವ ದೊರೆಯ ಮುಖವೂ ಆ ಬ್ಯಾಂಕಿನ ನೋಟಿನ ಮೇಲೆ ಬಂದಿರಲಿಲ್ಲ. ಹೀಗಿರುವಾಗ ಬ್ಯಾಗಿನಲ್ಲಿ ಇದ್ದದ್ದಾದರೂ ಏನು? ಅವರ ಜೀವನ ಬರೆದವರು ಕೊಡುವ ಉತ್ತರ ಬಹಳ ಸಾದಾ: ಒಂದು ಪುಟ್ಟ ಕನ್ನಡಿ, ಲಿಪ್‌ಸ್ಟಿಕ್, ಓದುವ ಕನ್ನಡಕ, ಪೆನ್ನು, ಬಾಯಿಗೆ ಹಾಕಿಕೊಳ್ಳುವ ಪೆಪ್ಪರ್‌ಮಿಂಟ್. ಭಾನುವಾರ ಚರ್ಚಿನ ಕಾಣಿಕೆ ತಟ್ಟೆಗೆ ಹಾಕಲು ಮಡಚಿಟ್ಟ ಒಂದು ನೋಟು ಇರುತ್ತಿತ್ತಂತೆ. ಊಟ ಮುಗಿದ ಮೇಲೆ ಮೇಜಿನಲ್ಲೇ ಕನ್ನಡಿ ತೆಗೆದು, ಯಾರ ಹಂಗೂ ಇಲ್ಲದೆ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರೆಂದು ಜೊತೆಯಲ್ಲಿ ಊಟಕ್ಕೆ ಕುಳಿತವರು ನೆನೆಸಿಕೊಂಡಿದ್ದಾರೆ. ನಾಡಿನ ಅತಿ ದೊಡ್ಡ ಗೃಹಿಣಿಗೆ ತನ್ನ ಮನೆಯ ಬೀಗದ ಕೈಯನ್ನು ಎತ್ತಿಟ್ಟುಕೊಳ್ಳುವ ಅವಕಾಶವೂ ಇರಲಿಲ್ಲ, ಆದರೆ ಒಂದು ಲಿಪ್‌ಸ್ಟಿಕ್ ಇತ್ತು ಎನ್ನುವುದು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು.

ಈಗ ಬ್ಯಾಗಿನ ಬಗ್ಗೆ. ಅದು ಲಾನರ್ ಎಂಬ ಲಂಡನ್ನಿನ ಕಂಪನಿಯದು. ಅದನ್ನು ಶುರುಮಾಡಿದ ಸ್ಯಾಮ್ ಲಾನರ್ ಚೆಕೊಸ್ಲೊವಾಕಿಯಾದಿಂದ ಬಂದ ನಿರಾಶ್ರಿತ. ಕಂಪನಿ ಹುಟ್ಟಿದ್ದು 1940ರ ದಶಕದ ಆರಂಭದಲ್ಲಿ, ಯುದ್ಧದ ನಡುವೆ. ರಾಣಿಯ ತಾಯಿ ಮೊದಲು ಅದರ ಗಿರಾಕಿಯಾದರು, ಮಗಳು ಆಮೇಲೆ. 1968ರಲ್ಲಿ ಅದಕ್ಕೆ ರಾಜಮನೆತನದ ಅಧಿಕೃತ ಪೂರೈಕೆದಾರ ಎಂಬ ಮನ್ನಣೆ ಸಿಕ್ಕಿತು. ಬ್ಯಾಗುಗಳು ತಯಾರಾಗುವುದು ವಾಲ್ಸಾಲ್‌ನಲ್ಲಿ. ಬರ್ಮಿಂಗ್‌ಹ್ಯಾಮ್ ಹತ್ತಿರದ ಈ ಊರು ಹಿಂದೆ ಕುದುರೆಯ ಜೀನು, ಲಗಾಮು ಹೊಲಿಯುವವರ ಊರಾಗಿತ್ತು. ಇವತ್ತಿಗೂ ಅಲ್ಲಿನ ಫುಟ್‌ಬಾಲ್ ತಂಡವನ್ನು ಕರೆಯುವುದು ಜೀನುಗಾರರು ಎಂದೇ. ಕುದುರೆಯ ಬೆನ್ನಿನ ಮೇಲೆ ವರ್ಷಗಟ್ಟಲೆ ಮಳೆ ಬೆವರು ತಾಳಬೇಕಾದ ತೊಗಲನ್ನು ಹೊಲಿದ ಕೈಗಳ ಪರಂಪರೆ ಅದು. ಕುದುರೆಯೆಂದರೆ ಪ್ರಾಣ ಬಿಡುತ್ತಿದ್ದ ರಾಣಿಯ ಬ್ಯಾಗು ಆ ಊರಿನಿಂದಲೇ ಬರುತ್ತಿದ್ದುದರಲ್ಲಿ ಒಂದು ಹೊಂದಿಕೆ ಕಾಣುತ್ತದೆ.

ಚಿತ್ರಗಳಲ್ಲಿ ಅದನ್ನು ದೊಡ್ಡದು ಮಾಡಿಕೊಂಡು ನೋಡಿದರೆ, ಕಣ್ಣಿಗೆ ಹೊಡೆಯುವಂಥದ್ದು ಏನೂ ಸಿಗುವುದಿಲ್ಲ. ಹೆಚ್ಚಿನ ದಿನ ಕಪ್ಪು, ಕೆಲವು ದಿನ ಕೆನೆಬಣ್ಣ ಅಥವಾ ಬಿಳಿ. ಮುಚ್ಚಳದ ಮೇಲೆ ಬಂಗಾರದ ಬಣ್ಣದ, ಹೊಸೆದ ಹಗ್ಗದಂತಿರುವ ಒಂದು ಪುಟ್ಟ ಲಾಂಛನ. ಗುರುತು ಎಂದರೆ ಅಷ್ಟೇ. ಕಂಪನಿಯ ಹೆಸರನ್ನು ಹೊರಗೆ ಎಲ್ಲೂ ದೊಡ್ಡಕ್ಷರದಲ್ಲಿ ಕೊರೆದಿಲ್ಲ. ಒಳಗೆ ಮೃದುವಾದ ಸ್ವೀಡ್ ತೊಗಲಿನ ಅಸ್ತರಿ. ಅಂಗಡಿಯಲ್ಲಿ ಸಿಗುವ ಬ್ಯಾಗಿಗೂ ರಾಣಿಯದಕ್ಕೂ ಇದ್ದ ಮುಖ್ಯ ವ್ಯತ್ಯಾಸ ಹಿಡಿಕೆಯದು. ಅವರಿಗೆ ಹಿಡಿಕೆ ಸ್ವಲ್ಪ ಉದ್ದವಿರಬೇಕಿತ್ತು. 1981ರಲ್ಲಿ ಕಂಪನಿಯನ್ನು ಕೊಂಡು ದಶಕಗಳ ಕಾಲ ನಡೆಸಿದ ಜೆರಾಲ್ಡ್ ಬಾಡ್ಮರ್ ಇದರ ಕಾರಣವನ್ನು ಹೇಳಿದ್ದರು: ಕೈಕುಲುಕುವಾಗ ಹಿಡಿಕೆ ತೋಳಿನ ಅಂಚಿಗೆ ಸಿಕ್ಕಿಕೊಳ್ಳಬಾರದು. ದಿನಕ್ಕೆ ನೂರಾರು ಕೈ ಕುಲುಕುವವರ ಲೆಕ್ಕಾಚಾರ ಇದು. ಎರಡು ಕೈ ಖಾಲಿ ಇರಬೇಕು, ಬ್ಯಾಗ್ ಜಾರಬಾರದು, ತೂಕ ಹೆಚ್ಚಾಗಬಾರದು, ಗಂಟೆಗಟ್ಟಲೆ ತೂಗಿದರೂ ತೋಳು ಸೋಲಬಾರದು. ಇನ್ನೂರಕ್ಕೂ ಹೆಚ್ಚು ಲಾನರ್ ಬ್ಯಾಗುಗಳು ಅವರಲ್ಲಿದ್ದವೆಂದು ಪತ್ರಿಕೆಗಳು ಬರೆದವು. ಸಂಖ್ಯೆ ಕೇಳಿದರೆ ದುಂದು ಅನ್ನಿಸಬಹುದು, ಬೆಲೆಯೂ ನಮ್ಮ ರೂಪಾಯಿಯಲ್ಲಿ ಲಕ್ಷದ ಮಾತು. ಇದನ್ನು ಬಡತನದ ಸರಳತೆ ಎಂದು ಯಾರೂ ತಪ್ಪು ತಿಳಿಯಬಾರದು. ಆದರೆ ಅಷ್ಟು ಬ್ಯಾಗುಗಳಿದ್ದೂ ಎಲ್ಲವೂ ಒಂದೇ ಬ್ಯಾಗಿನಂತೆ ಕಾಣುತ್ತಿದ್ದವು. ಫ್ಯಾಷನ್ ಎಷ್ಟು ಸುತ್ತು ತಿರುಗಿ ಬಂದರೂ ಈ ಆಕಾರ ಅಲುಗಲಿಲ್ಲ. ಅಲುಗದಂತೆ ಕಾಯ್ದುಕೊಂಡಿದ್ದೇ ಇಲ್ಲಿ ನಡೆದ ಕೆಲಸ, ಮತ್ತು ಅದು ಸುಲಭದ್ದಲ್ಲ.

ಕೈಗವಸಿನ ಕತೆಯನ್ನೂ ಇಲ್ಲೇ ಹೇಳಿಬಿಡಬೇಕು. ರಾಣಿಯ ಬಿಳಿ ಕೈಗವಸುಗಳನ್ನು ಹೊಲಿದ ಕಾರ್ನೀಲಿಯಾ ಜೇಮ್ಸ್ ವಿಯೆನ್ನಾದಿಂದ ತಪ್ಪಿಸಿಕೊಂಡು ಬಂದ ಯಹೂದಿ ಹೆಣ್ಣುಮಗಳು. 1947ರಲ್ಲಿ ಮದುವೆಯ ನಂತರ ರಾಜಕುಮಾರಿ ಎಲಿಜಬೆತ್ ಹೊರಟಾಗ ಉಟ್ಟ ಉಡುಪಿಗೆ ಕೈಗವಸು ಮಾಡಿಕೊಟ್ಟವರು ಅವರೇ. 1979ರಲ್ಲಿ ಅವರಿಗೂ ಅರಮನೆಯ ಮನ್ನಣೆ ದೊರಕಿತು. ಅಪ್ಪಟ ಬ್ರಿಟಿಷ್ ಎಂದು ಲೋಕ ಗುರುತಿಸಿದ ಆ ಎರಡು ವಸ್ತುಗಳು, ಕೈಯ ಮೇಲಿನದು ಮತ್ತು ತೋಳಿನ ಮೇಲಿನದು, ಹಿಟ್ಲರನ ಯುರೋಪಿನಿಂದ ಆಸರೆ ಹುಡುಕಿ ಬಂದವರ ಕೌಶಲದಿಂದ ಹುಟ್ಟಿದವು. ನಿರಾಶ್ರಿತರ ಬಗ್ಗೆ ಇವತ್ತು ಎಲ್ಲ ದೇಶಗಳಲ್ಲೂ ನಡೆಯುತ್ತಿರುವ ಕಟುವಾದ ಮಾತುಗಳನ್ನು ಕೇಳುವಾಗ ನನಗೆ ಇದು ನೆನಪಾಗುತ್ತದೆ.

ಬ್ಯಾಗ್ ಎಷ್ಟು ಮೌನವೋ ಉಡುಪು ಅಷ್ಟೇ ಗಟ್ಟಿ ದನಿಯದು. 2016ರ ಜೂನ್‌ನಲ್ಲಿ ಹುಟ್ಟುಹಬ್ಬದ ಕವಾಯತಿನ ದಿನ ಅರಮನೆಯ ಬಾಲ್ಕನಿಯಲ್ಲಿ ಅವರು ತೊಟ್ಟಿದ್ದ ಹೊಳೆಹೊಳೆಯುವ ಗಿಳಿಹಸಿರು ಕೋಟು ಮೈಲಿ ದೂರಕ್ಕೂ ಕಾಣುವಂತಿತ್ತು. ಹಳದಿ, ಕಡುಗುಲಾಬಿ, ನೇರಳೆ, ಯಾವುದಕ್ಕೂ ಅವರು ಹಿಂಜರಿಯಲಿಲ್ಲ. ಆಳು ಗಿಡ್ಡ, ಐದಡಿ ನಾಲ್ಕಿಂಚಿನ ಆಸುಪಾಸು. ಮಳೆಯಲ್ಲಿ ಗಂಟೆಗಟ್ಟಲೆ ಕಾದು ನಿಂತ ಜನರ ಗುಂಪಿನಲ್ಲಿ ಹಿಂದಿನ ಸಾಲಿನವರು ಮನೆಗೆ ಹೋಗಿ ‘ನಾನು ರಾಣಿಯನ್ನು ಕಂಡೆ’ ಎಂದು ಹೇಳುವಂತಾಗಬೇಕು, ಅಷ್ಟಕ್ಕಾಗಿ ಬಣ್ಣ. ಮುಖಕ್ಕೆ ನೆರಳು ಬೀಳಬಾರದೆಂದು ಟೋಪಿಯ ಅಂಚು ಮೇಲಕ್ಕೆ ಮಡಚಿರುತ್ತಿತ್ತು. ಮಳೆ ಬಂದರೆ ಫುಲ್ಟನ್ ಕಂಪನಿಯ ಪಾರದರ್ಶಕ ಕೊಡೆ, ಅದರ ಅಂಚಿನ ಪಟ್ಟಿಗೆ ಅಂದಿನ ಉಡುಪಿನದೇ ಬಣ್ಣ. ಗಾಳಿಗೆ ಲಂಗ ಹಾರಬಾರದೆಂದು ಅಂಚಿನೊಳಗೆ ಪುಟ್ಟ ತೂಕದ ಬಿಲ್ಲೆಗಳನ್ನು ಇಟ್ಟು ಹೊಲಿಯುತ್ತಿದ್ದರು. ಸೀರೆಗೆ ಫಾಲ್ಸ್ ಹಚ್ಚಿಸಿಕೊಂಡವರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ. ಕಾಣದಿರುವ ಪಟ್ಟಿಯೊಂದು ಕಾಣುವ ಬಟ್ಟೆಯ ಮರ್ಯಾದೆ ಕಾಯುತ್ತದೆ. ಬಣ್ಣಗಳು ದಿನಕ್ಕೊಂದಾಗುತ್ತಿದ್ದ ಈ ಏರ್ಪಾಡಿನಲ್ಲಿ ಬದಲಾಗದೆ ನಿಂತದ್ದು ಕಪ್ಪು ಬ್ಯಾಗ್, ಕಪ್ಪು ಶೂ, ಮೂರೆಳೆಯ ಮುತ್ತಿನ ಸರ. ದೂರದ ಮನುಷ್ಯನಿಗೆ ಬಣ್ಣ ಗುರುತು ಹಿಡಿಯಲು ಸಿಕ್ಕರೆ, ಹತ್ತಿರದವನಿಗೆ ಇವು ‘ಹೌದು, ಇದೇ ಮನುಷ್ಯರು’ ಎಂಬ ನಂಬಿಕೆ ಕೊಡುತ್ತಿದ್ದವು.

ಇದೆಲ್ಲದರ ಹಿಂದೆ ಇದ್ದವರಲ್ಲಿ ಆಂಜೆಲಾ ಕೆಲ್ಲಿ ಎಂಬವರ ಹೆಸರು ಮುಖ್ಯ. ಲಿವರ್‌ಪೂಲ್‌ನ ಬಂದರು ಕಾರ್ಮಿಕನ ಮಗಳು. 1990ರ ದಶಕದಲ್ಲಿ ಅರಮನೆಗೆ ಉಡುಗೆತೊಡುಗೆಯ ಸಹಾಯಕಿಯಾಗಿ ಬಂದು, ಮುಂದೆ ರಾಣಿಯ ಉಡುಪುಗಳನ್ನು ತಾನೇ ವಿನ್ಯಾಸ ಮಾಡುವವರೆಗೆ ಬೆಳೆದರು. ಅನೆಲ್ಲೊ ಆ್ಯಂಡ್ ಡೇವಿಡ್ ಅಂಗಡಿಯ ಹೊಸ ಶೂಗಳು ಬಂದಾಗ, ರಾಣಿಯ ಕಾಲಿನ ಅಳತೆಯೇ ತನ್ನದೂ ಆದ್ದರಿಂದ, ಮೊದಲು ತಾನು ಹಾಕಿಕೊಂಡು ಓಡಾಡಿ ಹದ ಮಾಡಿಕೊಡುತ್ತಿದ್ದೆ ಎಂದು ಕೆಲ್ಲಿ 2019ರಲ್ಲಿ ಬರೆದರು. ಸುದ್ದಿ ಓದಿ ಹಲವರು ಇದನ್ನು ದೊಡ್ಡವರ ಸೊಗಸುಗಾರಿಕೆ ಎಂದುಕೊಂಡರು. ನಾನು ಹಾಗೆ ಎಣಿಸುವುದಿಲ್ಲ. ತೊಂಬತ್ತು ದಾಟಿದ ಮುದುಕಿ ಹೊಸ ಶೂ ಕಚ್ಚಿ ಗುಳ್ಳೆಯೆದ್ದ ಕಾಲಿನಲ್ಲಿ ಆಸ್ಪತ್ರೆಯ ವಾರ್ಡುಗಳನ್ನು ಸುತ್ತಬೇಕಾದರೆ ಮುಖದ ನಗು ಎಷ್ಟು ಹೊತ್ತು ನಿಂತೀತು? ಅದೇ ವರ್ಷ, ಇನ್ನು ಮುಂದೆ ರಾಣಿಯ ಹೊಸ ಉಡುಪುಗಳಿಗೆ ಪ್ರಾಣಿಗಳ ತುಪ್ಪಟದ ಬದಲು ಕೃತಕ ತುಪ್ಪಟ ಬಳಸಲಾಗುತ್ತದೆ ಎಂದೂ ಕೆಲ್ಲಿ ತಿಳಿಸಿದರು. ಉಗುರಿಗೆ ಹಚ್ಚುತ್ತಿದ್ದ ನಸುಗುಲಾಬಿ ಬಣ್ಣವಂತೂ 1989ರಿಂದ ಬದಲಾಗಲಿಲ್ಲ ಎನ್ನುತ್ತಾರೆ.

ಬ್ಯಾಗಿಗೆ ಇನ್ನೊಂದು ಕೆಲಸವಿತ್ತೆಂದು ರಾಜಮನೆತನದ ಇತಿಹಾಸ ಬಲ್ಲವರು ಹೇಳುತ್ತಾರೆ. ಮಾತನಾಡುತ್ತಿರುವಾಗ ರಾಣಿ ಬ್ಯಾಗನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿದರೆ, ಸಾಕು, ಮುಂದಿನವರ ಕಡೆಗೆ ಹೋಗೋಣ ಎಂದು ಸಿಬ್ಬಂದಿಗೆ ಸೂಚನೆ. ಊಟದ ಮೇಜಿನ ಮೇಲೆ ಇಟ್ಟರೆ ಇನ್ನೈದು ನಿಮಿಷದಲ್ಲಿ ಏಳುತ್ತೇನೆಂದು ಅರ್ಥ. ನೆಲದ ಮೇಲೆ ಇಟ್ಟರೆ, ಬಂದು ನನ್ನನ್ನು ಈ ಮಾತಿನಿಂದ ಬಿಡಿಸಿ ಎಂದು. ಅರಮನೆ ಇದನ್ನು ಅಧಿಕೃತವಾಗಿ ಹೇಳಿದ್ದಲ್ಲವಾದರೂ ನಂಬುವುದಕ್ಕೆ ಕಷ್ಟವೇನೂ ಇಲ್ಲ. ರಾಣಿಯನ್ನು ಜೀವಮಾನದಲ್ಲಿ ಒಮ್ಮೆ ಭೇಟಿಯಾಗುವ ಮನುಷ್ಯ ಮಾತು ನಿಲ್ಲಿಸಲಾರ. ಅವನ ಮಾತನ್ನು ರಾಣಿ ಕತ್ತರಿಸಿದರೆ ಆ ನೋವು ಅವನ ಜೊತೆ ಸಾಯುವವರೆಗೂ ಇರುತ್ತದೆ. ಬ್ಯಾಗು ಆ ಕೈಯಿಂದ ಈ ಕೈಗೆ ಹೋಗುತ್ತದೆ, ಯಾರೋ ಮೆಲ್ಲನೆ ಬಂದು ‘ಇತ್ತ ದಯಮಾಡಿಸಿ’ ಎನ್ನುತ್ತಾರೆ, ಅವನು ಸಂತೋಷದಿಂದಲೇ ಮನೆಗೆ ಹೋಗುತ್ತಾನೆ. ಇದನ್ನು ಜಾಣತನ ಎನ್ನುವವರಿಗಿಂತ ದಾಕ್ಷಿಣ್ಯ ಎನ್ನುವವರ ಜೊತೆ ನಾನು ನಿಲ್ಲುತ್ತೇನೆ. ಅದೇ ಕಾಲದ ಬ್ರಿಟನ್ನಿನಲ್ಲಿ ಇನ್ನೊಂದು ಕಪ್ಪು ಬ್ಯಾಗೂ ಹೆಸರುವಾಸಿಯಾಗಿತ್ತು, ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರದು. ಸಂಪುಟದ ಸಭೆಯ ಮೇಜಿನ ಮೇಲೆ ಅದು ಬಂದು ಕುಳಿತರೆ ಮಂತ್ರಿಗಳ ಎದೆ ನಡುಗುತ್ತಿತ್ತಂತೆ. ಅವರ ಒಂದು ಬ್ಯಾಗ್ 2011ರಲ್ಲಿ ಹರಾಜಿನಲ್ಲಿ 25,000 ಪೌಂಡಿಗೆ ಹೋಯಿತು. ಅಧಿಕಾರ ಇದ್ದವರ ಬ್ಯಾಗ್ ಅದು. ಹೆಸರಿಗೆ ಮಾತ್ರ ಅಧಿಕಾರ ಇದ್ದವರ ಬ್ಯಾಗ್ ಇದು.

ಬ್ರಿಟನ್ನಿನ ವ್ಯವಸ್ಥೆಯಲ್ಲಿ ಸಿಂಹಾಸನದಲ್ಲಿರುವವರು ರಾಜಕೀಯದ ಬಗ್ಗೆ ಬಾಯಿ ಬಿಡುವಂತಿಲ್ಲ. ಓದುವ ಭಾಷಣವೂ ಸರ್ಕಾರ ಬರೆದುಕೊಟ್ಟದ್ದು. ಹಾಗಾಗಿ ಜನ ಅವರ ಬಟ್ಟೆಯನ್ನು ಪತ್ರದಂತೆ ಓದತೊಡಗಿದರು. 2017ರ ಜೂನ್‌ನಲ್ಲಿ ಸಂಸತ್ತಿನ ಅಧಿವೇಶನಕ್ಕೆ ನೀಲಿ ಟೋಪಿಯಲ್ಲಿ ಹಳದಿ ಹೂಗಳನ್ನು ಸಿಕ್ಕಿಸಿಕೊಂಡು ಬಂದಾಗ, ಇದು ಬ್ರಿಟನ್ ಬಿಡಲು ಹೊರಟಿದ್ದ ಯುರೋಪ್ ಒಕ್ಕೂಟದ ನೀಲಿ ಹಳದಿ ಬಾವುಟವೇ ಎಂದು ಲೋಕವೆಲ್ಲ ಮಾತಾಡಿಕೊಂಡಿತು. ಅದು ಕಾಕತಾಳೀಯ ಎಂದು ಕೆಲ್ಲಿ ಆಮೇಲೆ ಬರೆದರು. ಬೇಕೆಂದೇ ಮಾಡಿದ ಉದಾಹರಣೆಯೂ ಇದೆ, ಅದರ ಮುಂದೆ ಟೋಪಿಯ ಊಹೆ ಏನೂ ಅಲ್ಲ. 2011ರ ಮೇ ತಿಂಗಳಲ್ಲಿ ಅವರು ಐರ್ಲೆಂಡ್‌ಗೆ ಹೋದರು. 1911ರ ನಂತರ ಅಲ್ಲಿಗೆ, ಡಬ್ಲಿನ್‌ಗೆ, ಬ್ರಿಟನ್ನಿನ ದೊರೆ ಕಾಲಿಟ್ಟದ್ದು ಅದೇ ಮೊದಲು. ವಿಮಾನದಿಂದ ಹಸಿರು ಕೋಟಿನಲ್ಲಿ ಇಳಿದರು. ಬ್ರಿಟಿಷರ ವಿರುದ್ಧ ಹೋರಾಡಿ ಸತ್ತವರ ಸ್ಮಾರಕದ ಮುಂದೆ ತಲೆ ಬಾಗಿಸಿದರು. ಡಬ್ಲಿನ್ ಕೋಟೆಯ ಔತಣಕ್ಕೆ ಐರ್ಲೆಂಡಿನ ಗುರುತಾದ ಮೂರೆಲೆಯ ಗಿಡ ಶ್ಯಾಮ್‌ರಾಕ್‌ನ ಎರಡು ಸಾವಿರಕ್ಕೂ ಹೆಚ್ಚು ಆಕೃತಿಗಳನ್ನು ಕೈಯಿಂದ ಹೊಲಿದ ಬಿಳಿ ಉಡುಪು ತೊಟ್ಟು, ಐರಿಷ್ ಭಾಷೆಯಲ್ಲಿ ಮಾತು ಶುರುಮಾಡಿದರು. ಅಲ್ಲಿ ಉಡುಪು ಹೇಳಿದ್ದನ್ನೇ ಬಾಯಿಯೂ ಹೇಳಿತು, ಬಾಗಿದ ತಲೆಯೂ ಹೇಳಿತು.

ನಮ್ಮ ನಾಡಿನ ವಿಷಯಕ್ಕೆ ಬಂದರೆ ಲೆಕ್ಕ ಇಷ್ಟು ಸರಿಯಾಗಿ ಕೂಡುವುದಿಲ್ಲ.

1947ರ ನವೆಂಬರ್ 20ರಂದು ಎಲಿಜಬೆತ್ ಅವರ ಮದುವೆ ನಡೆದಾಗ ಬ್ರಿಟನ್ನಿನಲ್ಲಿ ಬಟ್ಟೆಗೆ ಇನ್ನೂ ಪಡಿತರ. ಮದುವಣಗಿತ್ತಿಯ ಉಡುಪಿಗೆಂದು ಸಾಮಾನ್ಯ ಹೆಂಗಸರು ತಮ್ಮ ಪಾಲಿನ ಕೂಪನ್‌ಗಳನ್ನು ಅಂಚೆಯಲ್ಲಿ ಕಳಿಸಿದರು; ಒಬ್ಬರ ಕೂಪನ್ ಇನ್ನೊಬ್ಬರು ಬಳಸುವುದು ಅಪರಾಧವಾದ್ದರಿಂದ ಅವನ್ನು ಹಿಂದಿರುಗಿಸಬೇಕಾಯಿತು. ನಾರ್ಮನ್ ಹಾರ್ಟ್‌ನೆಲ್ ವಿನ್ಯಾಸ ಮಾಡಿದ ಆ ಉಡುಪಿಗೆ ಹತ್ತು ಸಾವಿರ ಮುತ್ತುಗಳನ್ನು ಹೊಲಿದು ಮುಗಿಸಲು ಸುಮಾರು 350 ಹೆಂಗಸರು ಏಳು ವಾರ ದುಡಿದರು. ಆಗಷ್ಟೇ ಸ್ವತಂತ್ರವಾಗಿದ್ದ ಭಾರತದ ನೆಲದಿಂದ ಹೋದ ಉಡುಗೊರೆಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ಒಂದು ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕೊಟ್ಟ ಕಾರ್ಟಿಯೆ ಕಂಪನಿಯ ವಜ್ರದ ಹಾರ ಮತ್ತು ಮುಡಿಯಾಭರಣ. ಆಗ ಬೀದರ್, ಕಲಬುರಗಿ, ರಾಯಚೂರು ಇನ್ನೂ ನಿಜಾಮನ ಕೈಯಲ್ಲೇ ಇದ್ದವು. ಭಾರತಕ್ಕೆ ಸೇರಬೇಕೆಂದು ಅಲ್ಲಿನ ಜನ ಹೋರಾಡುತ್ತಿದ್ದರು, ಅವರಿಗೆ ಬಿಡುಗಡೆ ಸಿಕ್ಕಿದ್ದು ಮರುವರ್ಷದ ಸೆಪ್ಟೆಂಬರ್‌ನಲ್ಲಿ. ಆ ಹಾರ ಧರಿಸಿದ ರಾಣಿಯ 1952ರ ಚಿತ್ರಗಳು ಬಹಳ ಸುಂದರವಾಗಿವೆ. ಆದರೆ ಕಲ್ಯಾಣ ಕರ್ನಾಟಕದ ಊರುಗಳ ಕತೆ ಗೊತ್ತಿದ್ದವರು ಅದನ್ನು ಬರಿಯ ವಜ್ರವಾಗಿ ನೋಡುವುದು ಕಷ್ಟ.

ಇನ್ನೊಂದು ಉಡುಗೊರೆ ಗಾಂಧೀಜಿಯದು. ತನ್ನ ಕೈಯಾರೆ ತೆಗೆದ ನೂಲಿನಿಂದ ಹೆಣೆಸಿದ ಒಂದು ಚಿಕ್ಕ ಬಟ್ಟೆ, ನಡುವೆ ‘ಜೈ ಹಿಂದ್’ ಎಂಬ ಅಕ್ಷರ. ಹೆಣೆದವಳು ಒಬ್ಬ ಪಂಜಾಬಿ ಹುಡುಗಿ ಎಂದು ಗಾಂಧೀಜಿ ಮೌಂಟ್‌ಬ್ಯಾಟನ್‌ಗೆ ಬರೆದ ಕಾಗದದಲ್ಲಿ ಹೇಳಿದ್ದರು. ವಧುವಿನ ಅಜ್ಜಿ ಮೇರಿ ರಾಣಿ ಅದನ್ನು ನೋಡಿ, ಗಾಂಧೀಜಿ ಉಡುತ್ತಿದ್ದ ತುಂಡು ಪಂಚೆಯೆಂದೇ ತಿಳಿದು ಮುಖ ಸಿಂಡರಿಸಿದರಂತೆ. ಮೊಮ್ಮಗಳು ಅದನ್ನು ಎಸೆಯಲಿಲ್ಲ. ಸುಮಾರು ಏಳು ದಶಕ ಕಳೆದು ಪ್ರಧಾನಿ ಮೋದಿಯವರು ಭೇಟಿಯಾದಾಗ ರಾಣಿ ಅದನ್ನು ತೆಗೆದು ತೋರಿಸಿದರು. ರಾಣಿ ತೀರಿಕೊಂಡ ದಿನ ಮೋದಿಯವರು ಅದನ್ನು ನೆನೆದರು. ಆಭರಣಗಳ ರಾಶಿಯಲ್ಲಿ ಒಂದು ಹಿಡಿ ಖಾದಿಯನ್ನು ಎಪ್ಪತ್ತು ವರ್ಷ ಕಾಪಾಡಿದ್ದು ಅಭಿರುಚಿಯ ಮಾತೂ ಹೌದು, ಗುಣದ ಮಾತೂ ಹೌದು.

1953ರ ಪಟ್ಟಾಭಿಷೇಕದ ಉಡುಪಿನ ಮೇಲೆ ಕಾಮನ್‌ವೆಲ್ತ್ ದೇಶಗಳ ಹೂಗಳನ್ನೆಲ್ಲ ಕಸೂತಿ ಮಾಡಿಸಿದಾಗ ಭಾರತದ ತಾವರೆಯೂ ಅದರಲ್ಲಿತ್ತು. 1961ರಲ್ಲಿ ಅವರು ಭಾರತಕ್ಕೆ ಬಂದರು, ಗಣರಾಜ್ಯೋತ್ಸವದ ಅತಿಥಿಯಾದರು. ಆ ಫೆಬ್ರುವರಿಯಲ್ಲಿ ಬೆಂಗಳೂರಿಗೂ ಬಂದು, ಲಾಲ್‌ಬಾಗ್‌ನಲ್ಲಿ ಅರಾಕೇರಿಯಾ ಸಸಿ ನೆಟ್ಟು, ನಂದಿಬೆಟ್ಟದಲ್ಲಿ ತಂಗಿದರು. ಜಯಚಾಮರಾಜೇಂದ್ರ ಒಡೆಯರ್ ಆಗ ಮೈಸೂರು ರಾಜ್ಯದ ರಾಜ್ಯಪಾಲರು. ಸಿಂಹಾಸನ ಬಿಟ್ಟುಕೊಟ್ಟು ಪ್ರಜಾಪ್ರಭುತ್ವದ ಹುದ್ದೆಗೆ ಬಂದವರು ಸಿಂಹಾಸನದಲ್ಲಿ ಇನ್ನೂ ಕುಳಿತವರನ್ನು ಎದುರುಗೊಂಡ ಆ ಗಳಿಗೆಯ ಬಗ್ಗೆ ಯಾರಾದರೂ ವಿವರವಾಗಿ ಬರೆಯಬೇಕು.

ನನ್ನ ಮನಸ್ಸು ತೊಡಕಿಗೆ ಬೀಳುವುದು 1997ರಲ್ಲಿ. ಅಕ್ಟೋಬರ್ 14ರಂದು ರಾಣಿ ಅಮೃತಸರಕ್ಕೆ ಹೋದರು. ಹಿಂದಿನ ರಾತ್ರಿ ದೆಹಲಿಯ ಔತಣದಲ್ಲಿ ಜಲಿಯನ್‌ವಾಲಾ ಬಾಗ್ ಘಟನೆಯನ್ನು ನೋವಿನ ಉದಾಹರಣೆ ಎಂದು ಕರೆದಿದ್ದರು, ಇತಿಹಾಸವನ್ನು ತಿದ್ದಿ ಬರೆಯಲಾಗದು ಎಂದಿದ್ದರು. ಅಮೃತಸರದಲ್ಲಿ ಅವರು ತೊಟ್ಟಿದ್ದು ಕೇಸರಿಗೆ ಹತ್ತಿರದ ಬಣ್ಣ, ಸಿಖ್ಖರಿಗೆ ಪವಿತ್ರವಾದದ್ದು. ಶೂ ಕಳಚಿದರು. ಸ್ಮಾರಕಕ್ಕೆ ಹೂವಿನ ಚಕ್ರ ಇಟ್ಟು ಅರ್ಧ ನಿಮಿಷ ಮೌನವಾಗಿ ನಿಂತರು. ಉಡುಪಿನ ದೃಷ್ಟಿಯಿಂದ ಯಾವುದೂ ತಪ್ಪಿರಲಿಲ್ಲ. ಬಣ್ಣ ಆರಿಸಿದವರು ಸ್ಥಳದ ಮರ್ಯಾದೆಯನ್ನು ಬಲ್ಲವರಾಗಿದ್ದರು. ಆದರೆ ಕ್ಷಮಿಸಿ ಎಂಬ ಮಾತು ಬರಲಿಲ್ಲ. ಜೊತೆಗಿದ್ದ ಪತಿ ಫಿಲಿಪ್, ಅಲ್ಲಿನ ಫಲಕದಲ್ಲಿ ಬರೆದ ಸಾವುನೋವಿನ ಸಂಖ್ಯೆ ಹೆಚ್ಚಾಯಿತು ಎಂದು ಆಕ್ಷೇಪಿಸಿದರು. ಡಯರ್‌ನ ಮಗ ನೌಕಾಪಡೆಯಲ್ಲಿ ತನಗೆ ಪರಿಚಯವಿದ್ದ ಎಂದರು. ಆ ಒಂದು ಮಾತಿಗೆ ಕೇಸರಿ ಬಣ್ಣದ ಸೌಜನ್ಯ ತೊಳೆದುಹೋಯಿತು. ಡಬ್ಲಿನ್‌ನಲ್ಲಿ ಬಟ್ಟೆ ಮತ್ತು ಮಾತು ಕೂಡಿ ನಡೆದವು, ಅಮೃತಸರದಲ್ಲಿ ಬಟ್ಟೆ ಒಂಟಿಯಾಗಿ ನಡೆಯಿತು. ರಾಣಿಯ ಶೈಲಿಯನ್ನು ಮನಸಾರೆ ಮೆಚ್ಚುವ ನಾನು ಇಲ್ಲಿ ಅದರ ಸೋಲನ್ನು ಕಾಣುತ್ತೇನೆ. 1919ರಲ್ಲಿ ಗುಂಡು ತಿಂದವರ ಮಕ್ಕಳು ಮೊಮ್ಮಕ್ಕಳು ಕೇಳಿದ್ದು ಒಂದು ವಾಕ್ಯ. ಬಣ್ಣ ಎಷ್ಟೇ ಒಪ್ಪವಾಗಿದ್ದರೂ ವಾಕ್ಯವಾಗಲಾರದು. ಸರ್ಕಾರ ಬರೆದುಕೊಡದೆ ರಾಣಿ ಅದನ್ನು ಹೇಳುವಂತಿರಲಿಲ್ಲ ಎನ್ನುವುದು ನಿಜ. ಹೇಳದೆ ಉಳಿದದ್ದೂ ಅಷ್ಟೇ ನಿಜ.

ಕೊನೆಯ ವರ್ಷ ಬ್ಯಾಗಿಗೆ ಅಚ್ಚರಿಯ ಖ್ಯಾತಿ ಬಂತು. 2022ರ ಜೂನ್‌ನಲ್ಲಿ ಆಳ್ವಿಕೆಯ ಎಪ್ಪತ್ತನೇ ವರ್ಷದ ಸಂಭ್ರಮಕ್ಕೆಂದು ತೆಗೆದ ಪುಟ್ಟ ದೃಶ್ಯವೊಂದರಲ್ಲಿ ರಾಣಿ ಮಕ್ಕಳ ಕತೆಗಳ, ಕಿತ್ತಳೆಯ ಮಾರ್ಮಲೇಡ್ ಎಂದರೆ ಆಸೆಪಡುವ ಪ್ಯಾಡಿಂಗ್ಟನ್ ಕರಡಿಯ ಜೊತೆ ಚಹಾಕ್ಕೆ ಕುಳಿತು, ಬ್ಯಾಗಿನ ಮುಚ್ಚಳ ತೆಗೆದು ಒಂದು ಮಾರ್ಮಲೇಡ್ ಸ್ಯಾಂಡ್‌ವಿಚ್ ಹೊರಗೆಳೆದು ತೋರಿಸಿದರು. ಎಪ್ಪತ್ತು ವರ್ಷ ಲೋಕ ಕೇಳುತ್ತ ಬಂದ ಪ್ರಶ್ನೆಗೆ ಅಷ್ಟು ಅಕ್ಕರೆಯಿಂದ ಉತ್ತರ ಕೊಟ್ಟರು, ಗುಟ್ಟು ಮಾತ್ರ ಬಿಟ್ಟುಕೊಡಲಿಲ್ಲ. ಮೂರು ತಿಂಗಳಲ್ಲಿ, ಸೆಪ್ಟೆಂಬರ್ 6ರಂದು, ಸ್ಕಾಟ್ಲೆಂಡಿನ ಬಾಲ್ಮೋರಲ್ ಕೋಟೆಯ ಬೆಂಕಿಗೂಡಿನ ಮುಂದೆ ಹೊಸ ಪ್ರಧಾನಿ ಲಿಜ್ ಟ್ರಸ್ ಅವರನ್ನು ಬರಮಾಡಿಕೊಂಡಾಗ ಜೇನ್ ಬಾರ್ಲೊ ತೆಗೆದ ಚಿತ್ರಗಳು ಬಂದವು: ಬೂದುಬಣ್ಣದ ಕಾರ್ಡಿಗನ್, ಚೌಕಳಿ ಲಂಗ, ಊರುಗೋಲು, ನೀಲಿಗಟ್ಟಿದ ಕೈಯ ಚರ್ಮ, ಮತ್ತು ತೋಳಿನಲ್ಲಿ ಬ್ಯಾಗ್. ಎರಡು ದಿನ ಕಳೆದು ಅವರು ತೀರಿಕೊಂಡರು. ಲಂಡನ್ನಿನ ಉದ್ಯಾನಗಳಲ್ಲಿ ಜನ ಹೂವಿನ ಜೊತೆ ಮಾರ್ಮಲೇಡ್ ಸ್ಯಾಂಡ್‌ವಿಚ್‌ಗಳನ್ನೂ ಇಡತೊಡಗಿದರು. ಪ್ರಾಣಿಪಕ್ಷಿಗಳಿಗೆ ಒಳ್ಳೆಯದಲ್ಲ, ದಯವಿಟ್ಟು ಬೇಡ ಎಂದು ಉದ್ಯಾನದವರು ಕೇಳಿಕೊಳ್ಳಬೇಕಾಯಿತು.

ಅವರು ಹುಟ್ಟಿ ನೂರು ವರ್ಷ ತುಂಬುವ 2026ಕ್ಕೆಂದು ಬಕಿಂಗ್‌ಹ್ಯಾಮ್ ಅರಮನೆಯ ಗ್ಯಾಲರಿಯಲ್ಲಿ ಅವರ ಉಡುಗೆತೊಡುಗೆಗಳ ದೊಡ್ಡ ಪ್ರದರ್ಶನ ಘೋಷಣೆಯಾಗಿದೆ, ಸುಮಾರು 200 ವಸ್ತುಗಳು. ಅಲ್ಲಿ ಬ್ಯಾಗ್ ಇಟ್ಟರೆ ಮುಚ್ಚಿಯೇ ಇಡಬೇಕೆಂದು ನನ್ನ ಆಸೆ. ಒಳಗಿನದು ಅವರದು, ಅದನ್ನು ಈಗ ಬಿಚ್ಚಿ ತೋರಿಸುವ ಹಕ್ಕು ಯಾರಿಗೂ ಇಲ್ಲ. ಅದರ ಬದಲು ಹೊರಗಿನದನ್ನು ಮಾಡಿದವರನ್ನು ತೋರಿಸಲಿ. ವಾಲ್ಸಾಲ್‌ನಲ್ಲಿ ತೊಗಲು ಕತ್ತರಿಸಿ ಹೊಲಿದವರು, ಹಾರ್ಟ್‌ನೆಲ್ ಕಾರ್ಖಾನೆಯಲ್ಲಿ ಮುತ್ತು ಪೋಣಿಸಿದ ಆ 350 ಹೆಂಗಸರು, ಗಾಂಧೀಜಿಯ ನೂಲನ್ನು ಹೆಣೆದ ಆ ಪಂಜಾಬಿ ಹುಡುಗಿ, ಇವರಲ್ಲಿ ಯಾರ ಹೆಸರು ದಾಖಲೆಯಲ್ಲಿ ಸಿಕ್ಕರೂ ಅದನ್ನು ವಿನ್ಯಾಸಕಾರರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಫಲಕದ ಮೇಲೆ ಬರೆಯಲಿ.